ಜಿಟಿಎ 6 ಕನ್ಸೋಲ್‌ನಲ್ಲಿ 60 ಫ್ರೇಮ್ ಓಡುತ್ತಾ? ಊಹೆಗಳ ನಡುವೆ ಒಂದು ಲೆಕ್ಕ

ರಾಕ್‌ಸ್ಟಾರ್ ಕಂಪನಿಯ ವಿಡಿಯೊ ಗೇಮ್ ಗ್ರ್ಯಾಂಡ್ ಥೆಫ್ಟ್ ಆಟೊ 6 (ಜಿಟಿಎ 6) ಬಿಡುಗಡೆ ಎರಡು ಸಲ ಮುಂದಕ್ಕೆ ಹೋಗಿದೆ. ಮೊದಲು 2025 ಅಂದರು. ಆಮೇಲೆ 2026ರ ಮೇ 26 ಅಂದರು. 2025ರ ನವೆಂಬರ್‌ನಲ್ಲಿ ಅದನ್ನೂ ಬಿಟ್ಟು 2026ರ ನವೆಂಬರ್ 19 ಅಂದರು. ಇಷ್ಟು ಕಾಯಿಸಿದರೆ ಜನ ಏನು ಮಾಡುತ್ತಾರೆ? ಟ್ರೈಲರನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. ಬಿಯರ್ ಬಾಟಲಿಯೊಳಗಿನ ಗುಳ್ಳೆ ಎಣಿಸುತ್ತಾರೆ. ತೋಳಿನ ಕೂದಲು ಎಷ್ಟು ನಿಜವಾಗಿ ಕಾಣುತ್ತದೆ ಎಂದು ವಾದಕ್ಕಿಳಿಯುತ್ತಾರೆ. ಯಾರೋ ಒಬ್ಬರು "ಒಳಗಿನವರು ಹೇಳಿದರು" ಎಂದು ಒಂದು ಸುದ್ದಿ ಬಿಟ್ಟರೆ ಸಂಜೆಯೊಳಗೆ ಅದು ನೂರು ವಿಡಿಯೊ ಆಗುತ್ತದೆ.

ಇದರಲ್ಲಿ ಜಾಸ್ತಿ ಪಾಲು ಸುಮ್ನೆ ಹೊತ್ತು ಕಳೆಯುವ ಮಾತು. ಎಷ್ಟು ಮನೆಗಳ ಒಳಗೆ ಹೋಗಬಹುದು, ನಕ್ಷೆ ಎಷ್ಟು ದೊಡ್ಡದು, ಬೆಲೆ ಎಷ್ಟು ಎಂಬುದನ್ನೆಲ್ಲ ಹೊರಗೆ ನಿಂತವರು ಹೇಳುವುದು ಕಷ್ಟ. ಆದರೆ ಒಂದು ಪ್ರಶ್ನೆಯನ್ನು ಹೊರಗಿನಿಂದಲೇ ಸ್ವಲ್ಪ ಮಟ್ಟಿಗೆ ಲೆಕ್ಕ ಹಾಕಬಹುದು. ಆಟ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ ತೋರಿಸುತ್ತಾ ನುಣುಪಾಗಿ ಓಡುತ್ತದೋ, 30ಕ್ಕೇ ನಿಲ್ಲುತ್ತದೋ? ಅದರಲ್ಲೂ ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 5ರ ಬಲಿಷ್ಠ ಮಾದರಿಯಾದ ಪಿಎಸ್5 ಪ್ರೊನಲ್ಲಿ ಏನಾಗುತ್ತದೆ? ಯಂತ್ರಗಳ ಒಳಗೆ ಏನಿದೆ ಎಂಬುದು ಗುಟ್ಟಲ್ಲ. ರಾಕ್‌ಸ್ಟಾರ್ ಹಿಂದೆ ಹೇಗೆ ನಡೆದುಕೊಂಡಿದೆ ಎಂಬುದೂ ಗುಟ್ಟಲ್ಲ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಿಗುವ ಉತ್ತರ ಅಭಿಮಾನಿಗಳಿಗೆ ಅಷ್ಟು ಇಷ್ಟವಾಗುವಂಥದ್ದಲ್ಲ.

ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದು ಚಿತ್ರ ಸಿದ್ಧ ಮಾಡಲು ಕನ್ಸೋಲ್‌ಗೆ 33.3 ಮಿಲಿಸೆಕೆಂಡ್ ಸಿಗುತ್ತದೆ. 60 ಫ್ರೇಮ್ ಎಂದರೆ 16.7 ಮಿಲಿಸೆಕೆಂಡ್ ಮಾತ್ರ. ಆ ಹೊತ್ತಿನಲ್ಲಿ ಎರಡು ಬಗೆಯ ಕೆಲಸ ಮುಗಿಯಬೇಕು. ಆಟದ ಲೋಕದಲ್ಲಿ ಈ ಕ್ಷಣ ಏನಾಗುತ್ತಿದೆ ಎಂದು ತೀರ್ಮಾನಿಸುವುದು ಸಿಪಿಯು ಕೆಲಸ. ಫುಟ್‌ಪಾತ್ ಮೇಲೆ ಹೋಗುವವನು ಎತ್ತ ತಿರುಗುತ್ತಾನೆ, ಹಿಂದಿನ ಕಾರು ಬ್ರೇಕ್ ಹಾಕುತ್ತದಾ, ಗುದ್ದಿದ ಬೈಕ್ ಎಲ್ಲಿ ಹೋಗಿ ಬೀಳುತ್ತದೆ, ಪೊಲೀಸರು ಯಾವ ಗಲ್ಲಿಯಿಂದ ಬರುತ್ತಾರೆ, ಮುಂದಿನ ಬೀದಿಯ ಕಟ್ಟಡಗಳು ಎಸ್‌ಎಸ್‌ಡಿಯಿಂದ ಮೆಮೊರಿಗೆ ಬಂದವಾ, ಎಲ್ಲ ಅದರ ತಲೆನೋವು. ಹಾಗೆ ತೀರ್ಮಾನವಾದದ್ದನ್ನು ಬಣ್ಣ, ಬೆಳಕು, ನೆರಳು ಹಾಕಿ ಚಿತ್ರ ಬಿಡಿಸುವುದು ಜಿಪಿಯು.

ಊಹೆಗಳು ಎಡವುವುದು ಇಲ್ಲೇ. ಜಿಪಿಯು ಸಾಕಾಗದಿದ್ದರೆ ಸುಲಭದ ದಾರಿಗಳಿವೆ. ರೆಸಲ್ಯೂಶನ್ (ಚಿತ್ರದಲ್ಲಿರುವ ಚುಕ್ಕಿಗಳ ಸಂಖ್ಯೆ) ಇಳಿಸಿ, ನೆರಳು ಸ್ವಲ್ಪ ಒರಟು ಮಾಡಿ, ದೂರದ ಹುಲ್ಲು ತೆಗೆಯಿರಿ, ಆಯಿತು. ಬಹಳ ಆಟಗಳಲ್ಲಿ ಫ್ರೇಮ್ ಹೆಚ್ಚಿಸುವ ಪರ್ಫಾರ್ಮೆನ್ಸ್ ಮೋಡ್ ಮಾಡುವುದು ಇಷ್ಟನ್ನೇ. ಸಿಪಿಯು ಸಾಕಾಗದಿದ್ದರೆ ಅಂಥ ಗುಂಡಿ ಇಲ್ಲ. ಚಿತ್ರವನ್ನು ಸ್ಪಷ್ಟವಾದ 4ಕೆಯಲ್ಲಿ ನೋಡಿ, ಒರಟು 720ಪಿಯಲ್ಲಿ ನೋಡಿ, ಬೀಚಿನಲ್ಲಿ ಐವತ್ತು ಜನ ಇದ್ದರೆ ಐವತ್ತೂ ಜನರ ಲೆಕ್ಕ ಆಗಲೇಬೇಕು. ಜನರನ್ನೇ ಕಡಿಮೆ ಮಾಡಬಹುದು ನಿಜ. ಆದರೆ ಆ ಜನಸಂದಣಿಯನ್ನೇ ಅಲ್ವಾ ಮೊದಲ ಟ್ರೈಲರ್ ತೋರಿಸಿ ಬಾಯಿ ಬಿಡಿಸಿದ್ದು?

ಈಗ ಯಂತ್ರಗಳಿಗೆ ಬರೋಣ. 2020ರಲ್ಲಿ ಬಂದ ಪಿಎಸ್5ರಲ್ಲಿ ಎಎಂಡಿ ಕಂಪನಿಯ ಝೆನ್ 2 ಮಾದರಿಯ ಎಂಟು ಕೋರ್‌ಗಳ ಸಿಪಿಯು ಇದೆ. ವೇಗ 3.5 ಗಿಗಾಹರ್ಟ್ಸ್‌ವರೆಗೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲೂ ಅದೇ ಮನೆತನದ ಸಿಪಿಯು, ವೇಗ ತುಸು ಜಾಸ್ತಿ. ಪಿಎಸ್4ರ ಬಡಪಾಯಿ ಸಿಪಿಯುಗೆ ಹೋಲಿಸಿದರೆ ಇದು ದೊಡ್ಡ ನೆಗೆತವೇ. ಆದರೆ ಝೆನ್ 2 ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ಜಿಟಿಎ 6 ಬರುವ ಹೊತ್ತಿಗೆ ಅದಕ್ಕೆ ಏಳು ವರ್ಷ ವಯಸ್ಸು.

2024ರ ನವೆಂಬರ್ 7ರಂದು ಪಿಎಸ್5 ಪ್ರೊ ಬಂತು. ಆಗ ಅಮೆರಿಕದಲ್ಲಿ ಬೆಲೆ ಸುಮಾರು 700 ಡಾಲರ್ ಇತ್ತು. ಅದಕ್ಕೂ ಎರಡು ತಿಂಗಳ ಮುಂಚೆ ಪಿಎಸ್5ರ ಮುಖ್ಯ ವಿನ್ಯಾಸಕ, ಸೋನಿಯ ಮಾರ್ಕ್ ಸೆರ್ನಿ ಒಂದು ಚಿಕ್ಕ ವಿಡಿಯೊದಲ್ಲಿ ಅದರ ಮೂರು ಮುಖ್ಯ ಅಂಶ ವಿವರಿಸಿದ್ದರು. ದೊಡ್ಡ ಜಿಪಿಯು, ಚುರುಕಾದ ರೇ ಟ್ರೇಸಿಂಗ್ (ಬೆಳಕಿನ ಕಿರಣ ಸಾಗುವ ದಾರಿ ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಮೂಡಿಸುವುದು), ಮತ್ತು ಕಡಿಮೆ ರೆಸಲ್ಯೂಶನ್‌ನ ಚಿತ್ರವನ್ನು ಎಐ ಬಳಸಿ ಹಿಗ್ಗಿಸುವ ಪಿಎಸ್‌ಎಸ್‌ಆರ್ ತಂತ್ರ. ಜಿಪಿಯುನಲ್ಲಿ ಲೆಕ್ಕ ಮಾಡುವ ಘಟಕಗಳು ಶೇ 67ರಷ್ಟು ಜಾಸ್ತಿ, ಮೆಮೊರಿ ಶೇ 28ರಷ್ಟು ಚುರುಕು, ಚಿತ್ರ ಬಿಡಿಸುವ ವೇಗ ಶೇ 45ರವರೆಗೆ ಹೆಚ್ಚು ಎಂದರು. ಆ ಮೂರರಲ್ಲಿ ಸಿಪಿಯು ಹೆಸರೇ ಬರಲಿಲ್ಲ. ಕಾರಣ ಸರಳ. ಸಿಪಿಯು ಅದೇ ಹಳೆಯದು. ಬೇಕಾದಾಗ ಅದರ ವೇಗವನ್ನು ಸುಮಾರು ಶೇ 10ರಷ್ಟು ಏರಿಸಬಹುದು, ಅಷ್ಟೇ. ದರ್ಶಿನಿಯಲ್ಲಿ ದೋಸೆ ಹೆಂಚನ್ನು ಮುಕ್ಕಾಲು ಪಾಲು ದೊಡ್ಡದು ಮಾಡಿ, ಹಿಟ್ಟು ರುಬ್ಬುವ ಗ್ರೈಂಡರ್ ಮಾತ್ರ ಹಳೆಯದನ್ನೇ ಇಟ್ಟ ಹಾಗೆ.

ಸಂಖ್ಯೆ ಹಾಕಿ ನೋಡಿ. ಜಿಟಿಎ 6ರ ತುಂಬಿದ ಬೀದಿಯಲ್ಲಿ ಒಂದು ಫ್ರೇಮ್‌ನ ಸಿಪಿಯು ಕೆಲಸಕ್ಕೆ ಪಿಎಸ್5ರಲ್ಲಿ 30 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳೋಣ. ಇದು ಉದಾಹರಣೆಗೆ ಮಾತ್ರ, ನಿಜವಾದ ಸಂಖ್ಯೆ ರಾಕ್‌ಸ್ಟಾರ್‌ಗೇ ಗೊತ್ತು. ಪ್ರೊನಲ್ಲಿ ಅದು ಸುಮಾರು 27ಕ್ಕೆ ಇಳಿಯುತ್ತದೆ. 60 ಫ್ರೇಮ್‌ಗೆ ಬೇಕಾದದ್ದು 16.7. ಉಳಿದ ಹತ್ತು ಮಿಲಿಸೆಕೆಂಡನ್ನು ಯಾವ ಪಿಎಸ್‌ಎಸ್‌ಆರ್ ಕೂಡ ತಂದು ಕೊಡುವುದಿಲ್ಲ. ಅದು ಚಿತ್ರವನ್ನು ಹಿಗ್ಗಿಸುತ್ತದೆ, ಪೊಲೀಸರ ಬದಲು ಯೋಚನೆ ಮಾಡುವುದಿಲ್ಲ. 2026ಕ್ಕೆ ಸೋನಿ ಮತ್ತು ಎಎಂಡಿ ಸೇರಿ ಪಿಎಸ್‌ಎಸ್‌ಆರ್‌ಗೆ ಇನ್ನೂ ಒಳ್ಳೆಯ ಆವೃತ್ತಿ ತರುವ ಮಾತು ಕೊಟ್ಟಿದ್ದು ನಿಜ. ಅದರಿಂದ ಚಿತ್ರ ಸ್ವಚ್ಛವಾಗಬಹುದು. ಈ ಲೆಕ್ಕ ಬದಲಾಗುವುದಿಲ್ಲ.

ಇದೆಲ್ಲ ಕಾಗದದ ಮೇಲಿನ ಮಾತಲ್ಲವೇ ಎಂದು ಕೇಳಬಹುದು. ಡ್ರ್ಯಾಗನ್ಸ್ ಡಾಗ್ಮಾ 2 ನೋಡಿ. ಕ್ಯಾಪ್‌ಕಾಮ್ ಕಂಪನಿಯ ಆ ಆಟ 2024ರ ಮಾರ್ಚ್‌ನಲ್ಲಿ ಬಂತು. ಕಾಡಿನಲ್ಲಿ ತಕ್ಕಮಟ್ಟಿಗೆ ಓಡುತ್ತಿದ್ದ ಆಟ ಊರೊಳಗೆ ಕಾಲಿಟ್ಟ ಕೂಡಲೇ ಕುಂಟುತ್ತಿತ್ತು. ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿದ ಪಿಸಿಗಳಲ್ಲೂ ಅದೇ ಕಥೆ. ಊರಲ್ಲಿದ್ದ ಪ್ರತಿ ಪಾತ್ರದ ಇರವು, ಚಲನೆ ಎಲ್ಲವನ್ನೂ ಲೆಕ್ಕ ಮಾಡುವುದರಿಂದ ಸಿಪಿಯು ಮೇಲೆ ಭಾರ ಬೀಳುತ್ತಿದೆ ಎಂದು ಕಂಪನಿಯೇ ಒಪ್ಪಿಕೊಂಡಿತು. ಆ ಊರಿನಲ್ಲಿ ಕಾರು ಇರಲಿಲ್ಲ, ಹೆಲಿಕಾಪ್ಟರ್ ಇರಲಿಲ್ಲ, ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ನುಗ್ಗುವ ಆಟಗಾರ ಇರಲಿಲ್ಲ. ಜಿಟಿಎ 6ರ ಊರಾದ ವೈಸ್ ಸಿಟಿಯಲ್ಲಿ ಎಲ್ಲವೂ ಇರುತ್ತದೆ.

ಎದುರು ವಾದಕ್ಕೂ ಉದಾಹರಣೆ ಇದೆ. ಸ್ಟಾರ್‌ಫೀಲ್ಡ್ 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದಾಗ 30 ಫ್ರೇಮ್ ಮಾತ್ರ ಇತ್ತು. ಮುಂದಿನ ವರ್ಷ ಮೇ ತಿಂಗಳ ಅಪ್‌ಡೇಟ್‌ನಲ್ಲಿ ಸೀರೀಸ್ ಎಕ್ಸ್‌ಗೆ 60 ಫ್ರೇಮ್ ಆಯ್ಕೆ ಕೊಟ್ಟರು. 2025ರ ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್ ಕೂಡ ಮಾಮೂಲಿ ಪಿಎಸ್5ರಲ್ಲಿ 60 ಫ್ರೇಮ್ ಮೋಡ್ ಕೊಟ್ಟಿತು. ಅಂದರೆ ಬೇಕಾದಲ್ಲಿ ತಿರುಗಾಡಬಹುದಾದ ದೊಡ್ಡ ಓಪನ್ ವರ್ಲ್ಡ್ ಆಟಗಳಿಗೆ ಈ ಸಿಪಿಯು ಮೇಲೆ 60 ಅಸಾಧ್ಯ ಎಂದೇನಿಲ್ಲ. ಅದನ್ನು ಮುಂಚೆಯೇ ಗುರಿ ಮಾಡಿಕೊಂಡು, ಜನರ ಸಂಖ್ಯೆ, ಭೌತಿಕ ಲೆಕ್ಕ ಎಲ್ಲವನ್ನೂ ಅದಕ್ಕೆ ತಕ್ಕಂತೆ ಕಟ್ಟಬೇಕು. ದೂರದ ಪಾತ್ರಗಳ ಚಲನೆಯನ್ನು ಅರ್ಧ ವೇಗದಲ್ಲಿ ಲೆಕ್ಕ ಮಾಡುವುದು, ಯೋಚನೆಯ ಕೆಲಸವನ್ನು ಹಲವು ಫ್ರೇಮ್‌ಗಳಿಗೆ ಹಂಚುವುದು, ಇಂಥ ಉಪಾಯಗಳು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು.

ಹಾಗಾದರೆ ನಿಜವಾದ ಪ್ರಶ್ನೆ: ರಾಕ್‌ಸ್ಟಾರ್ 60ನ್ನು ಗುರಿ ಮಾಡಿಕೊಂಡಿದೆಯಾ?

ಅದರ ಚರಿತ್ರೆ ಹೇಳುವುದು ಬೇರೆ. ಜಿಟಿಎ 5 ಮೊದಲು 2013ರಲ್ಲಿ ಪಿಎಸ್3, ಎಕ್ಸ್‌ಬಾಕ್ಸ್ 360ಕ್ಕೆ ಬಂತು, 30 ಫ್ರೇಮ್. 2014ರಲ್ಲಿ ಅದೇ ಆಟ ಪಿಎಸ್4, ಎಕ್ಸ್‌ಬಾಕ್ಸ್ ಒನ್‌ಗೆ ಬಂತು. ಹೊಸ ಯಂತ್ರ, ಹಳೆಯ ಆಟ, ಮೆಮೊರಿಯೋ ಹಲವು ಪಟ್ಟು ಜಾಸ್ತಿ. ಆಗ ಸಿಕ್ಕ ಶಕ್ತಿಯನ್ನು ರಾಕ್‌ಸ್ಟಾರ್ ಎಲ್ಲಿ ಖರ್ಚು ಮಾಡಿತು? ರಸ್ತೆಯಲ್ಲಿ ಹೆಚ್ಚು ವಾಹನ, ಹೆಚ್ಚು ಗಿಡಮರ, ಹೆಚ್ಚು ಪ್ರಾಣಿ, ಜೊತೆಗೆ ಪಾತ್ರದ ಕಣ್ಣಿನಿಂದಲೇ ನೋಡುವ ಫಸ್ಟ್ ಪರ್ಸನ್ ಮೋಡ್. ಫ್ರೇಮ್ ಮಾತ್ರ 30ರಲ್ಲೇ ಉಳಿಯಿತು. 2018ರ ರೆಡ್ ಡೆಡ್ ರಿಡೆಂಪ್ಷನ್ 2 ಕೂಡ 30. ಪಿಎಸ್4 ಪ್ರೊ, ಎಕ್ಸ್‌ಬಾಕ್ಸ್ ಒನ್ ಎಕ್ಸ್ ಎಂಬ ಬಲಿಷ್ಠ ಮಾದರಿಗಳು ಆಗಲೇ ಇದ್ದವು. ಅವುಗಳಲ್ಲಿ ಸಿಕ್ಕದ್ದು ಹೆಚ್ಚಿನ ರೆಸಲ್ಯೂಶನ್. ಇಂದಿನ ಪಿಎಸ್5 ಪ್ರೊ ಕಥೆಯ ರಿಹರ್ಸಲ್ ಅದೇ ಅನಿಸುತ್ತದೆ ನನಗೆ. ಆಗಲೂ ಜಿಪಿಯು ಬೆಳೆದಿತ್ತು, ಸಿಪಿಯು ಹೆಚ್ಚುಕಡಿಮೆ ಹಾಗೇ ಇತ್ತು.

ಜಿಟಿಎ 5ಕ್ಕೆ ಕನ್ಸೋಲ್‌ನಲ್ಲಿ 60 ಫ್ರೇಮ್ ಸಿಕ್ಕಿದ್ದು ಯಾವಾಗ? 2022ರ ಮಾರ್ಚ್ 15ರಂದು, ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಆವೃತ್ತಿ ಬಂದಾಗ. ಅಷ್ಟರಲ್ಲಿ ಆಟ ಎರಡು ತಲೆಮಾರು ಹಿಂದಿನದಾಗಿತ್ತು.

ಈ ಕಂಪನಿಯ ಮನಸ್ಸು ಇರುವುದೇ ಹಾಗೆ. ಲೋಕ ಜೀವಂತವಾಗಿ ಕಾಣಬೇಕು, ಉಳಿದದ್ದು ಆಮೇಲೆ. ಹಳೆಯ ಜಿಟಿಎಗಳಲ್ಲಿ ಒಂದು ಕಾರು ಕದ್ದು ಹೊರಟರೆ ರಸ್ತೆ ತುಂಬಾ ಅದೇ ಕಾರು ಕಾಣಿಸುತ್ತಿದ್ದದ್ದು ಆಡಿದವರಿಗೆ ನೆನಪಿರಬಹುದು. ಮೆಮೊರಿ ಸಾಲದೆ, ಆಗಲೇ ಒಳಗಿದ್ದ ಮಾದರಿಯನ್ನೇ ಮತ್ತೆ ಮತ್ತೆ ಬಳಸುತ್ತಿದ್ದರು. ಬೆನ್ನ ಹಿಂದಿನ ಜನ ಮಾಯವಾಗುತ್ತಿದ್ದರು. ಇಂಥ ಕಣ್ಕಟ್ಟುಗಳಿಂದಲೇ ಊರು ತುಂಬಿದಂತೆ ತೋರಿಸಿದವರು, ಕೈಗೆ ಶಕ್ತಿ ಸಿಕ್ಕಾಗಲೆಲ್ಲ ಆ ಕಣ್ಕಟ್ಟು ಕಡಿಮೆ ಮಾಡುವುದಕ್ಕೇ ಅದನ್ನು ಸುರಿದಿದ್ದಾರೆ.

ಟ್ರೈಲರ್‌ನಿಂದ ಏನಾದರೂ ತಿಳಿಯುತ್ತಾ? 2025ರ ಮೇ 6ರಂದು ಬಂದ ಎರಡನೇ ಟ್ರೈಲರ್ ಬಗ್ಗೆ ರಾಕ್‌ಸ್ಟಾರ್ ಹೇಳಿದ್ದು ಇಷ್ಟು: ಎಲ್ಲವೂ ಪಿಎಸ್5ರಲ್ಲೇ ಸೆರೆ ಹಿಡಿದದ್ದು, ಆಟ ಮತ್ತು ಕಥಾದೃಶ್ಯ ಸಮಪಾಲು. ಚಿತ್ರದ ಗುಣಮಟ್ಟದ ಬಗ್ಗೆ ಅದು ದೊಡ್ಡ ಮಾತು. ಫ್ರೇಮ್ ವಿಷಯದಲ್ಲಿ ಅದರಿಂದ ಏನೂ ಗೊತ್ತಾಗುವುದಿಲ್ಲ. ಟ್ರೈಲರ್‌ಗೆ ಆರಿಸುವುದು ಚೆಂದದ ಕ್ಷಣಗಳನ್ನು. ಸಂಜೆಯ ಟ್ರಾಫಿಕ್‌ನಲ್ಲಿ, ಮಳೆಯಲ್ಲಿ, ಬೆನ್ನಿಗೆ ಆರು ಪೊಲೀಸ್ ಕಾರು ಬಿದ್ದಿರುವಾಗ ಆಟ ಎಷ್ಟು ಓಡುತ್ತದೆ ಎಂದು ಯಾರೂ ಜಾಹೀರಾತು ಮಾಡುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸೋರಿದ ಸುಮಾರು 90 ತುಣುಕುಗಳೂ ಅಷ್ಟೇ. ಅರೆಬರೆ ಕಟ್ಟಿದ ಆಟದ ವಿಡಿಯೊ ನೋಡಿ ಗ್ರಾಫಿಕ್ಸ್ ಕೆಟ್ಟದಾಗಿದೆ ಎಂದು ನಕ್ಕವರು ಆಮೇಲೆ ಟ್ರೈಲರ್ ನೋಡಿ ಸುಮ್ಮನಾದರು.

30 ಮತ್ತು 60ರ ಜಗಳದಲ್ಲಿ ಎಲ್ಲರೂ ಮರೆಯುವ ಒಂದು ಸಂಖ್ಯೆ ಇದೆ: 40. ಕೇಳಿದರೆ 30ರ ಹತ್ತಿರ ಅನಿಸುತ್ತದೆ. ಸಮಯದ ಲೆಕ್ಕದಲ್ಲಿ ಹಾಗಲ್ಲ. 40 ಫ್ರೇಮ್‌ಗೆ ಒಂದೊಂದು ಚಿತ್ರಕ್ಕೂ 25 ಮಿಲಿಸೆಕೆಂಡ್. 33.3 ಮತ್ತು 16.7ರ ಸರಿಯಾಗಿ ನಡುವೆ. ಅಂದರೆ 30ರಿಂದ 60ಕ್ಕೆ ಹೋಗುವ ದಾರಿಯ ಅರ್ಧ ಇಲ್ಲೇ ಮುಗಿಯುತ್ತದೆ, ಕೈಯಲ್ಲಿ ಹಿಡಿದ ಕಂಟ್ರೋಲರ್‌ಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಇನ್ಸೋಮ್ನಿಯಾಕ್ ಸ್ಟುಡಿಯೊ 2021ರಲ್ಲಿ ರ‍್ಯಾಚೆಟ್ ಆ್ಯಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್ ಆಟಕ್ಕೆ ಇದನ್ನು ತಂದ ಮೇಲೆ ಹಲವರು ಹಿಂಬಾಲಿಸಿದರು. ಶ್ಯಾಡೋಸ್‌ನಲ್ಲೂ 60ರ ಜೊತೆ 40ರ ಮೋಡ್ ಇದೆ.

ಒಂದು ಷರತ್ತು ಇದೆ. ಟಿವಿ 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ತೋರಿಸುವಂಥದ್ದು ಇರಬೇಕು. 120ನ್ನು 40ರಿಂದ ಭಾಗಿಸಿದರೆ ಮೂರು, ಪ್ರತಿ ಚಿತ್ರವೂ ಮೂರು ಸಲ ತೋರುತ್ತದೆ, ಓಟ ಸಮವಾಗಿರುತ್ತದೆ. ನಮ್ಮಲ್ಲಿ ಜಾಸ್ತಿ ಮನೆಗಳಲ್ಲಿರುವ 60 ಹರ್ಟ್ಸ್ ಟಿವಿಯಲ್ಲಿ 40 ಸಮವಾಗಿ ಕೂರುವುದಿಲ್ಲ, ಒಂದು ಚಿತ್ರ ಒಮ್ಮೆ, ಇನ್ನೊಂದು ಎರಡು ಸಲ ತೋರಿ ತಡವರಿಸುತ್ತದೆ. ಹೊಸ ಟಿವಿ ಕೊಳ್ಳಲು ಹೊರಟವರು ಗಮನಿಸಬೇಕಾದ ಸಂಖ್ಯೆ ಇದು. ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದ 4ಕೆ ಅಲ್ಲ.

ಫ್ರೇಮ್ ಜನರೇಷನ್ ಎಂಬ ಇನ್ನೊಂದು ದಾರಿ ಇದೆ. ಎರಡು ನಿಜವಾದ ಚಿತ್ರಗಳ ನಡುವೆ ಯಂತ್ರವೇ ಒಂದು ಚಿತ್ರ ಊಹಿಸಿ ಸೇರಿಸುತ್ತದೆ. ಸಿಪಿಯುಗೆ ಇದರಿಂದ ಹೆಚ್ಚಿನ ಕೆಲಸ ಇಲ್ಲ, ಹಾಗಾಗಿ ಇಲ್ಲಿಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಬ್ಲ್ಯಾಕ್ ಮಿತ್: ವುಕಾಂಗ್ ಪಿಎಸ್5ರ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಇದನ್ನೇ ಬಳಸಿತು. ಕಣ್ಣಿಗೆ 60 ಕಾಣುತ್ತದೆ, ಗುಂಡಿ ಒತ್ತಿದಾಗ ಉತ್ತರ ಬರುವುದು 30ರ ವೇಗದಲ್ಲೇ, ಇನ್ನೂ ತುಸು ತಡವಾಗಿ. ಗುಂಡು ಹಾರಿಸುವ, ಕಾರು ತಿರುಗಿಸುವ ಆಟಕ್ಕೆ ಇದು ನನಗಂತೂ ಒಪ್ಪಿತವಲ್ಲ. ರಾಕ್‌ಸ್ಟಾರ್ ಒಪ್ಪುತ್ತದಾ, ನೋಡಬೇಕು.

ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಬಗ್ಗೆ ಬಹಳ ಜನ ಬೈಯುತ್ತಾರೆ. ಅದೊಂದು ಚಿಕ್ಕ ಕನ್ಸೋಲ್ ಇರುವುದರಿಂದಲೇ ಎಲ್ಲ ಆಟ ಹಿಂದೆ ಬೀಳುತ್ತಿದೆ ಎಂಬ ಮಾತು. ಅರ್ಧ ಸರಿ, ಅರ್ಧ ತಪ್ಪು. ಅದರ ಸಿಪಿಯು ದೊಡ್ಡಣ್ಣ ಸೀರೀಸ್ ಎಕ್ಸ್‌ನ ಸಿಪಿಯುಗೆ ಬಹಳ ಹತ್ತಿರ. ಜಿಪಿಯು ಚಿಕ್ಕದು, ಆದರೆ ತೊಡಕಾಗುವ ಕೊರತೆ ಇರುವುದು ಮೆಮೊರಿಯಲ್ಲಿ. ಸೀರೀಸ್ ಎಕ್ಸ್‌ಗೆ 16 ಜಿಬಿ, ಇದಕ್ಕೆ 10 ಜಿಬಿ, ಅದರಲ್ಲೂ 2 ಜಿಬಿ ನಿಧಾನದ್ದು. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಎಕ್ಸ್‌ಬಾಕ್ಸ್‌ಗೆ ತಡವಾಗಿ ಬಂದದ್ದಕ್ಕೆ ಇದೇ ಯಂತ್ರ ಕಾರಣ. ಒಂದೇ ಟಿವಿಯನ್ನು ಎರಡು ಭಾಗ ಮಾಡಿ ಇಬ್ಬರು ಆಡುವ ಸೌಲಭ್ಯ ಅದರಲ್ಲಿ ಓಡಲಿಲ್ಲ. ಕೊನೆಗೆ ಅದೊಂದನ್ನು ಬಿಟ್ಟು ಬಿಡುಗಡೆ ಮಾಡಲು ಮೈಕ್ರೋಸಾಫ್ಟ್ ಒಪ್ಪಿತು. ಹಾಗಾಗಿ ಸೀರೀಸ್ ಎಸ್‌ನಿಂದ ಜಿಟಿಎ 6ಕ್ಕೆ ಏನಾದರೂ ತೊಡಕಾದರೆ ಅದು ಬೀದಿಯಲ್ಲಿ ಎಷ್ಟು ಬಗೆಯ ಕಾರು, ಬಟ್ಟೆ, ಮುಖ ಇರಬಹುದು ಎಂಬಲ್ಲಿ ಕಾಣುತ್ತದೆ. ಫ್ರೇಮ್ 30ಕ್ಕೆ ನಿಂತರೆ ಅದನ್ನು ಈ ಚಿಕ್ಕ ಡಬ್ಬಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ಕ್ಕೂ ಜಿಟಿಎ 6 ಬರುತ್ತದೆ ಎಂಬ ಸುದ್ದಿ ಆಗಾಗ ಎದ್ದು ಬೀಳುತ್ತದೆ. ರಾಕ್‌ಸ್ಟಾರ್ ಹೆಸರಿಸಿರುವುದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎರಡನ್ನೇ. ಪಿಸಿಯೂ ಆ ಪಟ್ಟಿಯಲ್ಲಿಲ್ಲ. ಆದರೆ ಪಿಸಿಗೆ ತಡವಾಗಿ ಕೊಡುವುದು ಈ ಕಂಪನಿಯ ಹಳೆಯ ಚಾಳಿ, ಜಿಟಿಎ 5ಕ್ಕೆ 19 ತಿಂಗಳು ಕಾಯಿಸಿತ್ತು.

ಭಾರತದಲ್ಲಿ ಪ್ರೊ ವಾದಕ್ಕೇ ಒಂದು ತಮಾಷೆ ಅಂಟಿಕೊಂಡಿದೆ. 2024ರಲ್ಲಿ ಪ್ರೊ ಬಿಡುಗಡೆಯಾದಾಗ ಸೋನಿ ಅದನ್ನು ಇಲ್ಲಿ ಮಾರಲೇ ಇಲ್ಲ. ಅದರಲ್ಲಿರುವ ವೈ-ಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ನಮ್ಮಲ್ಲಿ ಅನುಮತಿ ಇರಲಿಲ್ಲ. ಆ ತರಂಗದ ಕೆಳಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಡುವ ಕರಡು ನಿಯಮವನ್ನು ಕೇಂದ್ರ ಸರ್ಕಾರ 2025ರ ಮೇನಲ್ಲಿ ಹೊರಡಿಸಿತು. ಅತ್ತ ರಾಕ್‌ಸ್ಟಾರ್‌ಗೆ ಬೆಂಗಳೂರಿನಲ್ಲೇ ದೊಡ್ಡ ಸ್ಟುಡಿಯೊ ಇದೆ. 1997ರಲ್ಲಿ ಇಲ್ಲೇ ಶುರುವಾದ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಸ್ಟುಡಿಯೊವನ್ನು 2019ರಲ್ಲಿ ರಾಕ್‌ಸ್ಟಾರ್‌ನ ಮಾತೃಸಂಸ್ಥೆ ಟೇಕ್-ಟು ಸುಮಾರು 79 ಲಕ್ಷ ಡಾಲರ್‌ಗೆ ಕೊಂಡು ಈ ಬೆಂಗಳೂರು ಸ್ಟುಡಿಯೊದೊಳಗೆ ಸೇರಿಸಿಕೊಂಡಿತು. ರಾಕ್‌ಸ್ಟಾರ್ ಆಟ ಕಟ್ಟುವವರ ಊರಿನಲ್ಲೇ, ಅದನ್ನು ಚೆನ್ನಾಗಿ ತೋರಿಸಬಲ್ಲ ಕನ್ಸೋಲ್ ಆಗ ಅಂಗಡಿಗೆ ಬರಲಿಲ್ಲ!

ನನ್ನ ಊಹೆ ಕೇಳಿದರೆ ಹೀಗೆ. ಪಿಎಸ್5 ಮತ್ತು ಸೀರೀಸ್ ಎಕ್ಸ್‌ನಲ್ಲಿ ಆಟ 30 ಫ್ರೇಮ್‌ನಲ್ಲಿ ಬರುತ್ತದೆ. 120 ಹರ್ಟ್ಸ್ ಟಿವಿ ಇದ್ದವರಿಗೆ 40ರ ಮೋಡ್ ಸಿಗುವ ಸಾಧ್ಯತೆ ಅರ್ಧಕ್ಕರ್ಧ. ಪ್ರೊನಲ್ಲಿ ಚಿತ್ರ ಸ್ವಚ್ಛ, ಪ್ರತಿಬಿಂಬಗಳು ಚೆಂದ, 40 ಹೆಚ್ಚು ನಂಬಿಕೆಯಿಂದ ಓಡುತ್ತದೆ. 60 ಫ್ರೇಮ್ ಪ್ರೊಗೂ ಮೊದಲ ದಿನ ಇರುವುದಿಲ್ಲ. ಪ್ರೊಗಾಗಿ 60 ಸಾಧಿಸಲು ಸೋನಿಯ ಎಂಜಿನಿಯರ್‌ಗಳೇ ಕೈ ಹಾಕಿದ್ದಾರೆ ಎಂಬ ಸುದ್ದಿ ಸುತ್ತುತ್ತಿದೆ. ಅದಕ್ಕೆ ಅಧಿಕೃತ ಆಧಾರ ಇಲ್ಲ. ಅದು ನಿಜವಾಗಬೇಕಾದರೆ ಸಿಪಿಯು ಕೆಲಸವನ್ನು ಮಾಮೂಲಿ ಪಿಎಸ್5ರಲ್ಲೇ 18 ಮಿಲಿಸೆಕೆಂಡ್ ಆಸುಪಾಸಿಗೆ ಇಳಿಸಿರಬೇಕು. ಅಷ್ಟು ಇಳಿಸಿದ್ದರೆ ಮಾಮೂಲಿ ಪಿಎಸ್5ಗೂ ರೆಸಲ್ಯೂಶನ್ ಕಡಿಮೆ ಮಾಡಿ 60ರ ಹತ್ತಿರದ ಮೋಡ್ ಕೊಡಬಹುದಲ್ಲವೇ? ಪ್ರೊಗೆ ಮಾತ್ರ 60 ಎಂಬ ಸುದ್ದಿ ಅನುಮಾನ ಹುಟ್ಟಿಸುವುದು ಅದಕ್ಕೇ.

ಇನ್ನು ವ್ಯಾಪಾರದ ಲೆಕ್ಕ. ಜಿಟಿಎ 5 ಇಲ್ಲಿಯವರೆಗೆ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಒಂದೇ ಆಟವನ್ನು ಮೂರು ತಲೆಮಾರಿನ ಕನ್ಸೋಲ್‌ಗಳಲ್ಲಿ ಮಾರಿದ್ದರಿಂದ ಅದು ಸಾಧ್ಯವಾಯಿತು. ಮೂರನೇ ಸಲ ಮಾರುವಾಗ ಜಾಹೀರಾತಿನ ದೊಡ್ಡ ಅಕ್ಷರಗಳಲ್ಲಿ ಇದ್ದದ್ದೇ 60 ಫ್ರೇಮ್. ಜಿಟಿಎ 6 ಕೂಡ ಹತ್ತು ವರ್ಷ ಬಾಳುವ ಆಟ. ಅದರ ಆನ್‌ಲೈನ್ ಭಾಗವಂತೂ ಇನ್ನೂ ಹೆಚ್ಚು. ಮುಂದಿನ ಪ್ಲೇಸ್ಟೇಷನ್ ಹೊಸ ಸಿಪಿಯು ಜೊತೆ ಬಂದಾಗ, ಅದೇ ವೈಸ್ ಸಿಟಿಯನ್ನು 60 ಫ್ರೇಮ್‌ನಲ್ಲಿ ಮತ್ತೊಮ್ಮೆ ಕೊಳ್ಳಿ ಎಂದು ಕರೆಯಲು ರಾಕ್‌ಸ್ಟಾರ್‌ಗೆ ಏನಾದರೂ ಉಳಿದಿರಬೇಕು. ಈಗಲೇ ಎಲ್ಲವನ್ನೂ ಕೊಟ್ಟುಬಿಡುವ ಆತುರ ಆ ಕಂಪನಿಗೆ ಯಾಕಿರುತ್ತದೆ?